ಪಕ್ಕದ ಸೀಟಿನವರ ಕಿವಿ

ಪಕ್ಕದಲ್ಲಿ ಇಬ್ಬರು ಮಾತಾಡಿಕೊಳ್ಳುತ್ತಿದ್ದರೆ ನಮ್ಮ ಪಾಡಿಗೆ ನಾವು ಕೆಲಸ ಮಾಡಿಕೊಂಡು ಹೋಗಬಹುದು. ಒಬ್ಬರೇ ಫೋನಿನಲ್ಲಿ ಮಾತಾಡುತ್ತಿದ್ದರೆ ಅದು ಕಷ್ಟ. 'ಹೌದಾ? ಯಾವಾಗ? ಅಯ್ಯೋ, ಆಮೇಲೆ ಏನಂದ್ರಂತೆ?' ಎಂಬಷ್ಟೇ ಕಿವಿಗೆ ಬಿದ್ದಾಗ, ಆ ಕಡೆಯವರು ಏನು ಹೇಳಿರಬಹುದೆಂದು ಮನಸ್ಸು ತಾನಾಗಿಯೇ ಹುಡುಕಲು ಹೊರಡುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತ್ತು. ಏಕಾಗ್ರತೆ ಬೇಡುವ ಕೆಲಸ ಕೊಟ್ಟು, ಒಮ್ಮೆ ಇಬ್ಬರ ಪೂರ್ತಿ ಸಂಭಾಷಣೆಯನ್ನು, ಇನ್ನೊಮ್ಮೆ ಫೋನಿನ ಒಂದೇ ಕಡೆಯ ಮಾತನ್ನು ಕೇಳಿಸಿದರು. ಗಮನ ಕೆಟ್ಟದ್ದು ಅರ್ಧ ಮಾತು ಕೇಳಿದಾಗ. ಅದೇ ಅರ್ಧ ಮಾತನ್ನು ಪದಗಳು ಗುರುತು ಸಿಗದಂತೆ ಮಸುಕುಗೊಳಿಸಿ ಕೇಳಿಸಿದಾಗ ತೊಂದರೆ ಕಾಣಲಿಲ್ಲ.

ಕಚೇರಿಯಲ್ಲಿ ಕೂತವರಿಗೆ ಇದು ದೊಡ್ಡ ವಿಷಯ. ಸದ್ದಿನ ಪ್ರಮಾಣಕ್ಕಿಂತ ಅರ್ಥ ಹೆಚ್ಚು ಕಾಡುತ್ತದೆ. ಹಜಾರದಲ್ಲಿ ಹತ್ತಾರು ಜನ ಒಟ್ಟಿಗೆ ಕೂತು ಕೆಲಸ ಮಾಡುವುದು ನಮಗೇನೂ ಹೊಸದಲ್ಲ. ತಾಲ್ಲೂಕು ಕಚೇರಿ, ಅಂಚೆ ಕಚೇರಿ, ಬ್ಯಾಂಕು, ಪತ್ರಿಕಾ ಕಚೇರಿಯ ಡೆಸ್ಕು ಎಲ್ಲವೂ ಬಾಗಿಲಿಲ್ಲದ ಜಾಗಗಳೇ ಆಗಿದ್ದವು. ಟೈಪ್‌ರೈಟರುಗಳು ದಿನವಿಡೀ ಕುಟ್ಟುತ್ತಿದ್ದವು, ಮೇಲೆ ಫ್ಯಾನು ಗರಗರ ಎನ್ನುತ್ತಿತ್ತು. ಆ ಸದ್ದಿಗೆ ಅರ್ಥವಿರಲಿಲ್ಲ, ಹಾಗಾಗಿ ಗುಮಾಸ್ತರು ಅದರ ನಡುವೆಯೇ ಲೆಕ್ಕ ಕೂಡುತ್ತಿದ್ದರು. ಇಂದಿನ ಹವಾನಿಯಂತ್ರಿತ ಹಜಾರದಲ್ಲಿ ಯಂತ್ರಗಳೆಲ್ಲ ಮೌನವಾಗಿವೆ. ಆ ಮೌನದಲ್ಲಿ ನಾಲ್ಕು ಸೀಟಿನಾಚೆ ನಡೆಯುವ ಕಾಲ್‌ನ ಒಂದೊಂದು ಪದವೂ ಸ್ಪಷ್ಟವಾಗಿ ಕೇಳುತ್ತದೆ.

ಗೋಡೆಯಿಲ್ಲದ ಈ ಕಚೇರಿ ವಿನ್ಯಾಸದ ಹಿಂದೆ ಒಳ್ಳೆಯ ಆಸೆಯೂ ಇತ್ತೆಂಬುದನ್ನು ಹೇಳಬೇಕು. 1950ರ ದಶಕದ ಕೊನೆಗೆ ಜರ್ಮನಿಯ ಷ್ನೆಲ್ಲೆ ಸೋದರರು ಕಚೇರಿಯ ಕೋಣೆಗಳ ಸಾಲನ್ನು ತೆಗೆದುಹಾಕಿ, ಗಿಡಗಳು ಮತ್ತು ಸಣ್ಣ ಪರದೆಗಳ ನಡುವೆ ಮೇಜುಗಳನ್ನು ಹರಡಿದರು. ಮೇಲಿನವರು, ಕೆಳಗಿನವರು ಎಂಬ ಗೋಡೆ ಹೋಗಿ ಮಾತು ಸರಾಗವಾಗಲಿ ಎಂಬುದು ಅವರ ಉದ್ದೇಶ. 1968ರಲ್ಲಿ ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿ ಜೋಡಿಸಿ ಬಿಚ್ಚಬಹುದಾದ ತಡಿಕೆಗಳನ್ನು ಮಾರುಕಟ್ಟೆಗೆ ತಂದಿತು. ಕ್ಯೂಬಿಕಲ್ ಹುಟ್ಟಿದ್ದು ಅಲ್ಲಿಂದ. ಆಮೇಲೆ ಎಷ್ಟೋ ಕಂಪನಿಗಳು ಬಾಡಿಗೆಯ ಚದರಡಿ ಲೆಕ್ಕ ಹಾಕಿ ಆ ತಡಿಕೆಯನ್ನೂ ತೆಗೆದವು. ಮಾತು ಸರಾಗವಾಯಿತೇ? ಹಾರ್ವರ್ಡಿನ ಬರ್ನ್‌ಸ್ಟೀನ್ ಮತ್ತು ಟರ್ಬನ್ ಎಂಬ ಸಂಶೋಧಕರು ಎರಡು ದೊಡ್ಡ ಕಂಪನಿಗಳ ಮುಖ್ಯ ಕಚೇರಿಗಳಲ್ಲಿ, ತಡಿಕೆ ತೆಗೆಯುವ ಮುಂಚೆ ಮತ್ತು ಆಮೇಲೆ, ನೌಕರರ ಕೊರಳಿಗೆ ಸೆನ್ಸರ್ ಹಾಕಿಸಿ ಅಳೆದರು. 2018ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಮುಖಾಮುಖಿ ಮಾತುಕತೆ ಸುಮಾರು ಶೇಕಡಾ 70ರಷ್ಟು ಕಡಿಮೆಯಾಗಿ, ಇಮೇಲ್ ಮತ್ತು ಸಂದೇಶಗಳು ಹೆಚ್ಚಾಗಿದ್ದವು. ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ ಮನುಷ್ಯ ತನ್ನೊಳಗೇ ಸರಿಯುತ್ತಾನೆ. ಹೆಡ್‌ಫೋನ್ ಅವನು ತಾನೇ ಕಟ್ಟಿಕೊಂಡ ಗೋಡೆ.

ಆ ಗೋಡೆಯನ್ನು ಗೌರವಿಸುವುದು ಸಹೋದ್ಯೋಗಿಯ ಮೊದಲ ಕರ್ತವ್ಯ ಎಂದು ನನಗೆ ಅನ್ನಿಸುತ್ತದೆ. ಹೆಡ್‌ಫೋನ್ ಹಾಕಿ ತಲೆ ತಗ್ಗಿಸಿ ಕೂತವರ ಭುಜ ತಟ್ಟಿ 'ಆ ಫೈಲ್ ಎಲ್ಲಿದೆ' ಎಂದು ಕೇಳುವ ಅವಸರ ದಿನದಲ್ಲಿ ಎಷ್ಟು ಸಲ ನಿಜವಾಗಿ ಬರುತ್ತದೆ? ಬರೆದು ಕೇಳಬಹುದು. ಬರೆಯುವಾಗ ಬರೀ 'ಹಾಯ್, ಇದ್ದೀರಾ?' ಎಂದು ಕಳಿಸಿ ಸುಮ್ಮನಾಗದೆ, ಕೇಳಬೇಕಾದ್ದನ್ನು ಅದೇ ಸಾಲಿನಲ್ಲಿ ಕೇಳಿಬಿಡಬೇಕು. ಬರೀ 'ಹಾಯ್' ನೋಡಿದವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಏನೋ ತಪ್ಪಾಗಿದೆಯೇನೋ ಎಂಬ ಆತಂಕದಲ್ಲಿ ಮುಂದಿನ ಸಾಲಿಗೆ ಕಾಯುತ್ತಾರೆ. ಮೇಲಧಿಕಾರಿಯಿಂದ ಬಂದ 'ಹಾಯ್' ಆದರೆ ಆ ಆತಂಕ ಇನ್ನೂ ಹೆಚ್ಚು.

ಇಲ್ಲಿಗೆ ನಾನು ಹೇಳಬೇಕಾದ ಮುಖ್ಯ ಮಾತು ಬಂತು. ಕಚೇರಿಯ ಸಭ್ಯತೆಯ ಬಗ್ಗೆ ಗೋಡೆಗೆ ಅಂಟಿಸುವ ಚೀಟಿಗಳೆಲ್ಲ ಎಲ್ಲರಿಗೂ ಒಂದೇ ದನಿಯಲ್ಲಿ ಬುದ್ಧಿ ಹೇಳುತ್ತವೆ. ಹಜಾರದಲ್ಲಿ ಎಲ್ಲರ ದನಿಯೂ ಒಂದೇ ಅಲ್ಲ. ಆರು ತಿಂಗಳ ಹಿಂದೆ ಸೇರಿದ ಹುಡುಗಿ ಜೋರಾಗಿ ನಕ್ಕರೆ ಯಾರಾದರೂ ತಿರುಗಿ ನೋಡುತ್ತಾರೆ, ಅವಳು ತಕ್ಷಣ ದನಿ ತಗ್ಗಿಸುತ್ತಾಳೆ. ವಿಭಾಗದ ಮುಖ್ಯಸ್ಥರು ಸೀಟಿನಲ್ಲೇ ಸ್ಪೀಕರ್ ಹಾಕಿಕೊಂಡು ಮುಕ್ಕಾಲು ಗಂಟೆ ಕಾಲ್ ನಡೆಸಿದರೆ ಯಾರೂ ಏನೂ ಅನ್ನುವುದಿಲ್ಲ. ಹಿಂದೆ ಸಾಹೇಬರು ಅರ್ಧ ಬಾಗಿಲಿನ ಚೇಂಬರಿನಲ್ಲಿ ಕೂರುತ್ತಿದ್ದರು, ಹೊರಗೆ ಜವಾನನಿರುತ್ತಿದ್ದ. ಅಧಿಕಾರ ಎಲ್ಲಿದೆಯೆಂದು ಕಣ್ಣಿಗೆ ಕಾಣುತ್ತಿತ್ತು. ಈಗ ಎಲ್ಲರೂ ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಮೇಜಿನ ಮುಂದೆ ಕೂರುತ್ತಾರೆ, ಹೆಸರು ಹಿಡಿದೂ ಕರೆಯುತ್ತಾರೆ. ಆದರೂ ಯಾರು ದನಿ ಏರಿಸಬಹುದು, ಫೋನ್ ಕೊಠಡಿಯನ್ನು ಯಾರು ಇಡೀ ದಿನ ಹಿಡಿದಿಡಬಹುದು, ಎಸಿ ಎಷ್ಟಿರಬೇಕೆಂದು ಯಾರು ಹೇಳಬಹುದು ಎಂಬುದರಲ್ಲಿ ಹುದ್ದೆ ಇದ್ದೇ ಇದೆ. ಹೀಗಿರುವಾಗ ಒಗ್ಗಿಕೊಂಡು ಹೋಗುವ ಕೆಲಸ ಮೇಲಿನವರಿಂದ ಶುರುವಾಗಬೇಕು. ಕೇಳಲು ಧೈರ್ಯವಿಲ್ಲದವರು ಕೇಳುವವರೆಗೆ ಕಾಯುವುದು ಸಭ್ಯತೆಯಾಗಲಾರದು.

ಎಸಿಯ ಮಾತನ್ನೇ ತೆಗೆದುಕೊಳ್ಳಿ. ಹೊರಗೆ ಬೆಂಗಳೂರಿನ ಹಿತವಾದ ಗಾಳಿ, ಒಳಗೆ ತೆರೆಯಲಾಗದ ಗಾಜಿನ ಕಿಟಕಿ, ಮಧ್ಯಾಹ್ನ ಎರಡು ಗಂಟೆಗೆ ಶಾಲು ಹೊದ್ದು ಕೂತ ಹೆಂಗಸರು. ಅವರು ಸೂಕ್ಷ್ಮದವರು ಎಂದು ತಳ್ಳಿಹಾಕುವವರು ತಿಳಿಯಬೇಕಾದ್ದು ಒಂದಿದೆ. ಕಚೇರಿಗಳ ಉಷ್ಣತೆಯ ಮಾನದಂಡ ರೂಪುಗೊಂಡದ್ದು 1960ರ ದಶಕದಲ್ಲಿ, ಸುಮಾರು 70 ಕಿಲೋ ತೂಕದ, 40 ವರ್ಷದ ಗಂಡಸಿನ ದೇಹದ ಲೆಕ್ಕದ ಮೇಲೆ. ಹೆಂಗಸರ ದೇಹ ಉತ್ಪಾದಿಸುವ ಶಾಖ ಅದಕ್ಕಿಂತ ಸಾಕಷ್ಟು ಕಡಿಮೆ ಎಂದು ನೆದರ್ಲೆಂಡ್ಸಿನ ಇಬ್ಬರು ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ನಮ್ಮ ಕೇಂದ್ರ ಸರ್ಕಾರದ ಇಂಧನ ದಕ್ಷತೆ ಬ್ಯೂರೋ 24 ಡಿಗ್ರಿಯನ್ನು ಶಿಫಾರಸು ಮಾಡಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆಂಬ ಲೆಕ್ಕವೂ ಅದರದೇ. ಹಾಗಿದ್ದೂ 20ಕ್ಕೆ ಇಳಿಸಿಟ್ಟ ಹಜಾರಗಳು ಎಷ್ಟೋ ಇವೆ.

ಗಾಳಿಯ ಇನ್ನೊಂದು ಸಂಗತಿ ಜ್ವರದ್ದು. 2020ರ ಮಾರ್ಚಿನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಕಾಲ್ ಸೆಂಟರ್ ಒಂದರಲ್ಲಿ ಕೊರೊನಾ ಹರಡಿದಾಗ, ಹನ್ನೊಂದನೇ ಮಹಡಿಯ 216 ನೌಕರರಲ್ಲಿ 94 ಮಂದಿಗೆ ಸೋಂಕು ತಗುಲಿತ್ತು. ಅವರಲ್ಲಿ ಬಹುಪಾಲು ಜನ ಮಹಡಿಯ ಒಂದೇ ಬದಿಯಲ್ಲಿ ಕೂರುತ್ತಿದ್ದವರು. ಅಕ್ಕಪಕ್ಕ ಕೂತು ದಿನವಿಡೀ ಮಾತಾಡುವ ಕೆಲಸ ಅದು. ಇಷ್ಟನ್ನು ಕಂಡ ಮೇಲೂ ಮೂಗು ಸೋರುತ್ತಿದ್ದರೂ ಕಚೇರಿಗೆ ಬರುವುದನ್ನು ನಿಷ್ಠೆಯೆಂದು ಹೊಗಳುವ ಅಭ್ಯಾಸ ನಮ್ಮಲ್ಲಿ ಹೋಗಿಲ್ಲ. ಮುಖ್ಯಸ್ಥರೇ ಕೆಮ್ಮುತ್ತ ಬಂದು ಕೂತರೆ ಕೆಳಗಿನವರು ರಜೆ ಕೇಳುವುದು ಹೇಗೆ?

ಇನ್ನು ಊಟದ ಡಬ್ಬಿ. ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ವಾಸನೆಯ ಹೆಸರಿನಲ್ಲಿ ಬೇರೇನೋ ನಡೆಯುತ್ತಿರುತ್ತದೆ. ಮುಚ್ಚಿದ ಹಜಾರದಲ್ಲಿ ಯಾವ ಅಡುಗೆಯ ವಾಸನೆಯಾದರೂ ಸಂಜೆಯವರೆಗೆ ಉಳಿಯುತ್ತದೆ. ಆದ್ದರಿಂದ ಸೀಟಿನಲ್ಲಿ ಊಟ ಬೇಡ, ಪ್ಯಾಂಟ್ರಿಯಲ್ಲಿ ಕೂತು ಉಣ್ಣೋಣ ಎಂಬ ನಿಯಮ ಸರಿಯಾದದ್ದು. ಅದು ಪುಳಿಯೋಗರೆಗೂ ಅನ್ವಯಿಸಬೇಕು, ಬೆಳ್ಳುಳ್ಳಿ ಒಗ್ಗರಣೆಯ ಬಸ್ಸಾರಿಗೂ ಅನ್ವಯಿಸಬೇಕು, ಸಿಗಡಿ ಚಟ್ನಿಗೂ ಅನ್ವಯಿಸಬೇಕು. ಆದರೆ ಪ್ಯಾಂಟ್ರಿಯಲ್ಲೇ 'ಇಲ್ಲಿ ಮಾಂಸಾಹಾರ ತರಬಾರದು' ಎಂಬ ಚೀಟಿ ಕಂಡರೆ ಅದು ವಾಸನೆಯ ನಿಯಮವಾಗಿ ಉಳಿಯುವುದಿಲ್ಲ. ಹಿಂಗಿನ ವಾಸನೆಗೆ ಯಾರೂ ಚೀಟಿ ಬರೆದದ್ದನ್ನು ನಾನು ಕಂಡಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಹೊತ್ತಿಗೆ ಬಾಡೂಟದ ಪ್ರಶ್ನೆ ಬೀದಿಗೆ ಬಂದಿತ್ತು, ಎಲ್ಲರೂ ಪರ ವಿರೋಧ ಮಾತಾಡಿದರು. ಕಚೇರಿಗಳ ಪ್ಯಾಂಟ್ರಿಯಲ್ಲಿ ಅದೇ ಪ್ರಶ್ನೆ ಸದ್ದಿಲ್ಲದೆ ದಿನವೂ ಎದುರಾಗುತ್ತದೆ. ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಅಕ್ಕಪಕ್ಕ ನೋಡುವ, ಮೀನಿನ ಸಾರು ತಂದ ದಿನ ಬೇರೆಲ್ಲೋ ಮೂಲೆಗೆ ಹೋಗಿ ಬೇಗಬೇಗ ಉಂಡು ಬರುವ ಜನ ನಮ್ಮ ನಡುವೆ ಇದ್ದಾರೆ. ಅವರ ಬಳಿ ಹೋಗಿ ಕುರ್ಚಿ ಎಳೆದುಕೊಂಡು ತಮ್ಮ ಡಬ್ಬಿ ಬಿಚ್ಚುವ ಸಹೋದ್ಯೋಗಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ತಾವು ಅದನ್ನು ತಿನ್ನದಿದ್ದರೂ ಸರಿ, ಜೊತೆಗೆ ಕೂರಬಹುದಲ್ಲ.

ಭಾಷೆಯದ್ದೂ ಹೀಗೆಯೇ. ಆರು ಜನರ ಮೀಟಿಂಗು ಇದ್ದಕ್ಕಿದ್ದಂತೆ ಹಿಂದಿಗೆ ಜಾರಿ, ಹಾವೇರಿಯ ಹುಡುಗ ಅರ್ಧ ತಿಳಿದು ಅರ್ಧ ತಿಳಿಯದೆ ತಲೆಯಾಡಿಸುತ್ತ ಕೂತಿರುವುದು ಬೆಂಗಳೂರಿನ ಕಚೇರಿಗಳಲ್ಲಿ ಅಪರೂಪವೇನಲ್ಲ. ನಾಲ್ವರು ಕನ್ನಡಿಗರ ನಡುವೆ ಮಣಿಪುರದ ಹುಡುಗಿಯೊಬ್ಬಳು ಹಾಗೆಯೇ ಕೂತಿರುವುದೂ ಉಂಟು. ಕನ್ನಡದವರು ಕನ್ನಡದವರ ಹತ್ತಿರ ಕನ್ನಡದಲ್ಲೇ ಮಾತಾಡಬೇಕು, ಅದರಲ್ಲಿ ಸಂಕೋಚ ಬೇಡವೇ ಬೇಡ. ಕೆಲಸದ ತೀರ್ಮಾನ ಆಗುವಾಗ ಮಾತ್ರ ಮೇಜಿನ ಸುತ್ತ ಕೂತ ಪ್ರತಿಯೊಬ್ಬರಿಗೂ ತಿಳಿಯುವ ಭಾಷೆ ಬೇಕು.

ಮತ್ತೆ ಫೋನಿನ ವಿಷಯಕ್ಕೆ ಬರುತ್ತೇನೆ. ಊರಿನಿಂದ ಅಮ್ಮ ಫೋನ್ ಮಾಡುತ್ತಾರೆ. ಆ ಕಡೆ ಸಿಗ್ನಲ್ ಸರಿಯಿಲ್ಲ, ಅವರಿಗೆ ಕಿವಿಯೂ ಮಂದ, ಹಾಗಾಗಿ ಮಗ ಜೋರಾಗಿ ಮಾತಾಡಲೇಬೇಕು. ಇದನ್ನು ಹಳ್ಳಿಯವರ ಒರಟುತನ ಎಂದು ಕರೆದವರಿಗೆ ಅವನ ಪರಿಸ್ಥಿತಿ ಗೊತ್ತಿಲ್ಲ. ಅವನು ಎದ್ದು ಮೆಟ್ಟಿಲ ಬಳಿಗೆ ಹೋಗಿ ಮಾತಾಡಲಿ, ಸರಿ. ಅಲ್ಲಿಗೆ ಹೋಗಿ ಹತ್ತು ನಿಮಿಷ ನಿಂತರೆ 'ಸೀಟಿನಲ್ಲಿಲ್ಲ' ಎಂದು ಬರೆದುಕೊಳ್ಳುವ ಮೇಲ್ವಿಚಾರಕರಿದ್ದರೆ ಅವನು ಏನು ಮಾಡಬೇಕು? ಎದ್ದು ಹೋಗುವ ಸ್ವಾತಂತ್ರ್ಯ ಕೊಡದೆ ಮೆಲ್ಲಗೆ ಮಾತಾಡು ಎನ್ನುವುದು ನ್ಯಾಯವಲ್ಲ.

ಅವನ ಮಾತು ಕಿವಿಗೆ ಬಿದ್ದವರಿಗೂ ಒಂದು ಹೊಣೆಯಿದೆ. ಅಪ್ಪನ ಸ್ಕ್ಯಾನಿಂಗ್ ರಿಪೋರ್ಟು, ಸಾಲದ ಕಂತು, ಮುರಿದ ಮದುವೆ ಮಾತುಕತೆ, ಇವೆಲ್ಲ ಹಜಾರದಲ್ಲಿ ಬೇಡವೆಂದರೂ ಕೇಳುತ್ತವೆ. 'ಏನಾಯ್ತು ಮನೇಲಿ?' ಎಂದು ಎಲ್ಲರೆದುರು ಕೇಳುವುದು ನಮ್ಮಲ್ಲಿ ಕಾಳಜಿಯ ರೂಪದಲ್ಲೇ ಬರುತ್ತದೆ, ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೂ ಕೇಳಬಾರದು. ಸಂಜೆ ಟೀಗೆ ಕರೆದುಕೊಂಡು ಹೋಗಿ, ಅವನಾಗಿ ಬಾಯಿಬಿಟ್ಟರೆ ಕೇಳಿಸಿಕೊಳ್ಳಬೇಕು. ಬಿಡದಿದ್ದರೆ ಟೀ ಕುಡಿದು ವಾಪಸು ಬರಬೇಕು. ಆ ಮಾತು ಮೂರನೆಯವರ ಕಿವಿಗೆ ಹೋಗಬಾರದು. ಗೋಡೆಯಿಲ್ಲದ ಕಡೆ ಮನುಷ್ಯನ ಖಾಸಗಿತನವನ್ನು ಪಕ್ಕದವರೇ ಕಾಯಬೇಕಾಗುತ್ತದೆ.

ಸಹೋದ್ಯೋಗಿ ಎಂದಾಗ ನಮ್ಮ ಕಣ್ಣಿಗೆ ಕಾಣದೆ ಹೋಗುವವರು ಹೌಸ್‌ಕೀಪಿಂಗಿನವರು. ನಮಗಿಂತ ಮುಂಚೆ ಬಂದು, ಮೇಜು ಒರೆಸಿ, ಶೌಚಾಲಯ ತೊಳೆದು, ಅದೇ ಹಜಾರದಲ್ಲಿ ದಿನವಿಡೀ ಓಡಾಡುವವರು. ಕುಡಿದಿಟ್ಟ ಕಾಫಿ ಲೋಟದಲ್ಲಿ ಕೆನೆ ಒಣಗಿ ಅಂಟಿಕೊಂಡಿರುತ್ತದೆ, ಅದನ್ನು ಉಜ್ಜುವುದು ಅವರ ಕೈ. ಬಳಸಿದ ಕೂಡಲೇ ನೀರು ಹಾಕಿಟ್ಟರೆ ಅವರ ಕೆಲಸ ಅಷ್ಟು ಹಗುರ. ಅವರು ಮಧ್ಯಾಹ್ನ ಎಲ್ಲಿ ಊಟ ಮಾಡುತ್ತಾರೆ ಎಂದು ಒಮ್ಮೆ ವಿಚಾರಿಸಿ ನೋಡಿ. ಮೆಟ್ಟಿಲ ಕೆಳಗೋ ನೆಲಮಾಳಿಗೆಯಲ್ಲೋ ಎಂಬ ಉತ್ತರ ಬಂದರೆ, ಪ್ಯಾಂಟ್ರಿಯ ಕುರ್ಚಿ ಅವರಿಗೂ ಸೇರಬೇಕೆಂದು ಕಂಪನಿಗೆ ಹೇಳಬೇಕಾದವರು ಖಾಯಂ ನೌಕರರು. ಗುತ್ತಿಗೆಯ ಕೆಲಸದಲ್ಲಿರುವ ಅವರಿಗೆ ಅದನ್ನು ಕೇಳುವ ಬಲವಿಲ್ಲ.

ಕಂಪನಿಗಳು ಫೋನ್ ಕೊಠಡಿ ಹೆಚ್ಚಿಸಲಿ, ಸದ್ದು ಹೀರುವ ಹಲಗೆ ಹಾಕಿಸಲಿ, ಅದನ್ನು ಒತ್ತಾಯಿಸಲೇಬೇಕು. ಅವು ಬರುವವರೆಗೆ ಸಾಲಿನ ಹಿರಿಯರು ಖರ್ಚಿಲ್ಲದೆ ಮಾಡಬಹುದಾದ್ದು ಒಂದಿದೆ. ಹೊಸಬರು ಸೇರಿದ ದಿನವೇ 'ನನ್ನ ದನಿ ಸ್ವಲ್ಪ ಜೋರು, ಜಾಸ್ತಿ ಆಯ್ತು ಅನ್ನಿಸಿದರೆ ಹೇಳಿಬಿಡಿ, ನಾನು ಬೇಜಾರು ಮಾಡಿಕೊಳ್ಳಲ್ಲ' ಎಂದು ತಾವೇ ಹೇಳಿಬಿಡುವುದು. ಹೇಳಿದ ಮೇಲೆ ಯಾರಾದರೂ ನಿಜವಾಗಿಯೂ ಬಂದು 'ಸರ್, ಸ್ವಲ್ಪ ಮೆಲ್ಲಗೆ' ಎಂದರೆ, ಮುಖ ಗಂಟು ಹಾಕದೆ, ಕಾಲ್ ಹಿಡಿದುಕೊಂಡೇ ಎದ್ದು ಹೋಗಬೇಕು. ಆ ಮೊದಲ ಸಲ ಏನಾಗುತ್ತದೆ ಎಂಬುದನ್ನು ಇಡೀ ಸಾಲು ನೋಡುತ್ತಿರುತ್ತದೆ.