ಏಳಲೊಲ್ಲದ ಗಣಕಯಂತ್ರ



ಬೆಟಗೇರಿಯಲ್ಲಿರುವ ನಮ್ಮ ಕಾಕಾ ಅವರಿಗೆ ಎಂಬತ್ತರ ಸಮೀಪದ ವಯಸ್ಸು. ಮಾಸ್ತರಿಕೆಯಿಂದ ನಿವೃತ್ತರಾದಂದಿನಿಂದ ಅವರು ಒಂದೇ ಕಾಯಕವನ್ನು ಹಿಡಿದಿದ್ದಾರೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಿಗೆ ಹೋಗಿ, ಭಜನಾ ಮಂಡಳಿಗಳ ಹಿರಿಯರ ಬಾಯಲ್ಲಿ ಉಳಿದಿರುವ ತತ್ತ್ವಪದಗಳನ್ನು ಕೇಳಿ ಬರೆದುಕೊಂಡು ಬರುವುದು. ಮನೆಯಲ್ಲಿ ಅವುಗಳನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ ಇಡುವುದು. ಹಾಡಿದವರಲ್ಲಿ ಅನೇಕರು ಈಗಾಗಲೇ ಲಿಂಗೈಕ್ಯರಾಗಿದ್ದಾರೆ.

ಕಳೆದ ಶ್ರಾವಣದಲ್ಲಿ ಅವರ ಮನೆಗೆ ಹೋದಾಗ ಕಾಕಾ ಬೇಸರದಿಂದ ಹೇಳಿದರು: "ಇದರ ಗುಂಡಿ ಒತ್ತಿ ಲಿಂಗಪೂಜಾಕ್ಕ ಕುಂಡರತೀನಿ ತಮ್ಮಾ. ಪೂಜಾ ಮುಗಿಸಿ, ಪ್ರಸಾದ ಮಾಡಿ ಬಂದ್ರೂ ಇದು ಇನ್ನೂ ಕಣ್ಣು ತಿಕ್ಕೋತ ಕುಂತಿರತೈತಿ. ಒಮ್ಮೊಮ್ಮೆ ಏಳೂದೇ ಇಲ್ಲ. ಅಂಗಡಿಯಾಂವ ಎಲ್ಲಾ ಅಳಿಸಿ ಹೊಸದಾಗಿ ಹಾಕಿ ಕೊಡತೀನಿ ಅಂದಾನ. ನಾಳೆ ಒಯ್ಯೂದೈತಿ."

ಆ ಮಾತನ್ನು ಕೇಳಿ ನಮ್ಮ ಎದೆ ಝಲ್ಲೆಂದಿತು. "ಪದಗಳನ್ನೆಲ್ಲ ಬೇರೆ ಕಡೆ ಇಟ್ಟುಕೊಂಡಿದ್ದೀರಾ ಕಾಕಾ?" ಎಂದು ಕೇಳಿದೆವು. "ಬ್ಯಾರೆ ಕಡೆ ಯಾಕ? ಇದರಾಗ ಅದಾವಲ್ಲ" ಎಂದರು. ಬರೆದುಕೊಂಡ ವಹಿಗಳಲ್ಲಿ ಅರ್ಧದಷ್ಟು ಗೆದ್ದಲು ತಿಂದು ಹಾಳಾಗಿದ್ದವು. ಮರುದಿನ ಆ ಪೆಟ್ಟಿಗೆ ಅಂಗಡಿಗೆ ಹೋಗಿದ್ದರೆ ಅಷ್ಟು ವರ್ಷಗಳ ದುಡಿಮೆ ಒಂದು ತಾಸಿನಲ್ಲಿ ಅಳಿದುಹೋಗುತ್ತಿತ್ತು.

ಆದಕಾರಣ ಈ ತಿಂಗಳು ನಾವು ಹೇಳಬೇಕಾದ ಮೊದಲ ಮಾತು ಇದೇ: ಯಂತ್ರ ನಿಧಾನವಾದರೆ ಅಥವಾ ಏಳಲು ಹಟ ಮಾಡಿದರೆ, ದುರಸ್ತಿಗೆ ಮೊದಲು ಒಳಗಿರುವುದನ್ನು ಉಳಿಸಿಕೊಳ್ಳಿರಿ. ಎದ್ದ ದಿನವೇ ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೋ ಹೊರಗಿನ ಡಿಸ್ಕಿಗೋ ನಕಲು ಮಾಡಿರಿ. ಸಾಧ್ಯವಾದರೆ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ಮಗಳ ಮನೆಯಲ್ಲಿಡಿರಿ. ಯಂತ್ರ ಏಳದೇ ಹೋದರೂ ಎದೆಗುಂದಬೇಕಾಗಿಲ್ಲ. ಹಾರ್ಡ್ ಡಿಸ್ಕನ್ನು ಬಿಚ್ಚಿ ಮತ್ತೊಂದು ಗಣಕಯಂತ್ರಕ್ಕೆ ಜೋಡಿಸಿ ಓದಲು ಬಹುಮಟ್ಟಿಗೆ ಸಾಧ್ಯ. ಆದರೆ ಡಿಸ್ಕಿನಿಂದ 'ಟಕ್ ಟಕ್' ಎಂಬ ಸದ್ದು ಬರುತ್ತಿದ್ದರೆ ಪದೇ ಪದೇ ಚಾಲೂ ಮಾಡಬಾರದು, ಬಲ್ಲವರಿಗೆ ತೋರಿಸಬೇಕು. ಅದರೊಳಗಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವಂಥವು; ಸವೆದ ಮೇಲೆ ಒಂದೊಂದು ಸಲ ಚಾಲೂ ಮಾಡಿದಾಗಲೂ ಅಪಾಯ ಹೆಚ್ಚುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ, ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದಂತೆ ಕಾಣುತ್ತವೆ. ಕಡತ ಕೆಟ್ಟಿತೆಂದು ತಿಳಿದು ಅದನ್ನು ಅಳಿಸಬಾರದು. ಫಾಂಟನ್ನೂ ನಕಲು ಮಾಡಿಟ್ಟುಕೊಂಡು, ಪರಿವರ್ತಕದ ಸಹಾಯದಿಂದ ಯೂನಿಕೋಡ್ ಪ್ರತಿಯೊಂದನ್ನು ಸಿದ್ಧಪಡಿಸಿಕೊಳ್ಳುವುದು ಕ್ಷೇಮ.

ಇಷ್ಟಾದ ಮೇಲೆ ರೋಗನಿದಾನ. 'ನಿಧಾನವಾಗಿ ಏಳುವುದು' ಒಂದು ರೋಗ. 'ಒಮ್ಮೆ ಎದ್ದು ಒಮ್ಮೆ ಏಳದಿರುವುದು' ಇನ್ನೊಂದು ರೋಗ. ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಹಣ ವ್ಯರ್ಥವಾಗುತ್ತದೆ.

ಒಮ್ಮೆ ಎದ್ದು ಒಮ್ಮೆ ಏಳದ ಯಂತ್ರದಲ್ಲಿ ಮೊದಲು ನೋಡಬೇಕಾದುದು ವಿದ್ಯುತ್ತನ್ನು. ಪ್ಲಗ್ಗು ಸಡಿಲವಾಗಿದೆಯೇ, ಬೇರೆ ಸಾಕೆಟ್ಟಿಗೆ ಹಾಕಿದರೆ ಏಳುತ್ತದೆಯೇ, ಯು.ಪಿ.ಎಸ್. ಬ್ಯಾಟರಿ ಸತ್ತಿದೆಯೇ ಎಂದು ಪರೀಕ್ಷಿಸಿರಿ. ಪೆಟ್ಟಿಗೆಯನ್ನು ಮುಟ್ಟಿದಾಗ ಕೈ ಜುಮ್ಮೆಂದರೆ ಮನೆಯ ಅರ್ಥಿಂಗ್ ಸರಿಯಿಲ್ಲವೆಂದು ಶಂಕಿಸಿ, ವೈರಿಂಗ್ ಬಲ್ಲವರನ್ನು ಕರೆಯಿಸಿರಿ.

ಎರಡನೆಯದು ಗಡಿಯಾರ. ಲಕ್ಷ್ಮೇಶ್ವರದ ನಮ್ಮ ಬೀಗರ ಮನೆಯಲ್ಲಿ ರಾತ್ರಿ ಗೋಡೆಯ ಸ್ವಿಚ್ಚು ಆರಿಸುವ ಒಳ್ಳೆಯ ರೂಢಿ ಇದೆ. ಆ ಹೊತ್ತಿನಲ್ಲಿ ಯಂತ್ರದ ಗಡಿಯಾರವನ್ನು ನಡೆಸುವುದು ಒಳಗಿರುವ, ನಾಣ್ಯದಾಕಾರದ 3 ವೋಲ್ಟಿನ ಸೆಲ್. ಕೆಲವು ವರ್ಷಗಳಲ್ಲಿ ಅದು ಸವೆಯುತ್ತದೆ. ಆಗ ತಾರೀಖು ಹಿಂದಕ್ಕೆ ಹೋಗುತ್ತದೆ. ಯಂತ್ರ ಅರ್ಧಕ್ಕೆ ನಿಂತು ಎಫ್1 ಕೀಲಿ ಒತ್ತಲು ಹೇಳುತ್ತದೆ. ತಾರೀಖು ತಪ್ಪಿರುವುದರಿಂದ ಬ್ಯಾಂಕಿನ ಪುಟವೂ ತೆರೆಯುವುದಿಲ್ಲ. ಸಿಆರ್2032 ಎಂಬ ಆ ಸೆಲ್ಲಿನ ಬೆಲೆ ಖಾನಾವಳಿಯ ಒಂದು ಊಟಕ್ಕಿಂತ ಹೆಚ್ಚಲ್ಲ. ಅದನ್ನು ಬದಲಿಸಿ ತಾರೀಖು ಸರಿಪಡಿಸಿದರೆ ಆಯಿತು.

ಮೂರನೆಯದು ಧೂಳು. ಕಪ್ಪತಗುಡ್ಡದ ಸೀಮೆಯ ಗಾಳಿ ಎಂಥದೆಂಬುದನ್ನು ಮುಂಡರಗಿಯವರಿಗೆ ನಾವು ಹೇಳಬೇಕಾಗಿಲ್ಲ. ಎರೆಮಣ್ಣಿನ ಸಣ್ಣ ಧೂಳು ಪಂಖದಲ್ಲಿ ಕುಳಿತರೆ ಯಂತ್ರ ಕಾಯ್ದು ತಾನಾಗಿಯೇ ಆರುತ್ತದೆ. ರ‍್ಯಾಮ್ ಪಟ್ಟಿಯ ಸಂಪರ್ಕ ಕೆಟ್ಟರೆ 'ಬೀಪ್' ಎಂದು ಕೂಗುತ್ತದೆ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ವಿದ್ಯುತ್ ಸಂಪರ್ಕವನ್ನು ಪೂರ್ತಿ ಕಿತ್ತು, ಲೋಹದ ಕಿಟಕಿ ಸರಳನ್ನೊಮ್ಮೆ ಮುಟ್ಟಿ, ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ. ರ‍್ಯಾಮ್ ಪಟ್ಟಿಯನ್ನು ಬಿಚ್ಚಿ, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲಿನ ರಬ್ಬರಿನಿಂದ ಹಗುರಾಗಿ ಒರೆಸಿ, ಗಟ್ಟಿಯಾಗಿ ಕೂಡಿಸಿರಿ. ಆದರೆ ವಿದ್ಯುತ್ ಪೂರೈಸುವ ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಲೇಬಾರದು. ವೈರು ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ.

ಇನ್ನು ನಿಧಾನದ ರೋಗ. ಶಿರಹಟ್ಟಿಯಲ್ಲಿ ನಮ್ಮ ಸೋದರ ಸೊಸೆಯ ಯಂತ್ರ ಏಳುವಾಗ ಬೇಡದ ಹತ್ತಾರು ತಂತ್ರಾಂಶಗಳು ತಾವಾಗಿಯೇ ಅದರೊಡನೆ ಎಚ್ಚರಗೊಳ್ಳುತ್ತಿದ್ದವು. ವೈರಸ್ ತಡೆಯುವ ಎರಡು ತಂತ್ರಾಂಶಗಳು ತಮ್ಮತಮ್ಮಲ್ಲೇ ಗುದ್ದಾಡುತ್ತಿದ್ದವು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, 'ಸ್ಟಾರ್ಟಪ್' ಪಟ್ಟಿಯಲ್ಲಿ ಬೇಡವಾದವುಗಳನ್ನು ತಡೆದು, ವೈರಸ್ ತಡೆಯುವ ಒಂದನ್ನು ತೆಗೆದುಹಾಕಿದೆವು, ಖರ್ಚಿಲ್ಲದೆ ಕೆಲಸವಾಯಿತು. ಡಿಸ್ಕು ತುಂಬಿ ತುಳುಕುತ್ತಿದ್ದರೆ ಜಾಗ ಮಾಡಿಕೊಡಬೇಕು. ಇಷ್ಟಾದರೂ ಸುಧಾರಿಸದಿದ್ದರೆ, ತಿರುಗುವ ಡಿಸ್ಕಿನ ಬದಲು ತಿರುಗುವ ಭಾಗಗಳೇ ಇಲ್ಲದ ಎಸ್.ಎಸ್.ಡಿ. ಹಾಕಿಸುವುದು ಹಳೆಯ ಯಂತ್ರಕ್ಕೆ ಹೊಸ ಜೀವ ಕೊಡುತ್ತದೆ. ಇಲ್ಲಿಯೂ ಒಂದು ವಿವೇಚನೆ ಬೇಕು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕಿನ ವ್ಯವಹಾರ ಮಾಡುವವರು ಹಣ ಹಾಕುವ ಮುನ್ನ ಇದನ್ನೂ ಯೋಚಿಸಬೇಕು.

ಕಾಕಾ ಅವರ ಮನೆಯಲ್ಲಿ ನಡೆದುದೇನು? ಅಂದು ರಾತ್ರಿ ಮೂರನೆಯ ಪ್ರಯತ್ನಕ್ಕೆ ಯಂತ್ರ ಎದ್ದಿತು. ಪದಗಳನ್ನೆಲ್ಲ ಎರಡು ಕಡೆ ನಕಲು ಮಾಡಿದ ಮೇಲೆಯೇ ನಾವು ಪ್ರಸಾದಕ್ಕೆ ಕುಳಿತೆವು. ಪೆಟ್ಟಿಗೆ ನೆಲದ ಮೇಲೆ, ಪೂಜೆಯ ಕೋಣೆಯ ಬಾಗಿಲಲ್ಲೇ ಇದ್ದುದರಿಂದ ಕಸಬರಿಗೆಯ ಧೂಳೂ ಊದುಬತ್ತಿಯ ಬೂದಿಯೂ ಒಳಗೆ ಸೇರಿದ್ದವು. ಸೆಲ್ ಸತ್ತಿತ್ತು, ಡಿಸ್ಕು ಸವೆದಿತ್ತು. ಧೂಳು ತೆಗೆದು ಸೆಲ್ ಬದಲಿಸಿದ್ದರಿಂದ ಯಂತ್ರ ದಿನಾಲೂ ಏಳತೊಡಗಿತು; ಎಸ್.ಎಸ್.ಡಿ. ಹಾಕಿದ ಮೇಲೆ ಬೇಗನೆಯೂ ಏಳತೊಡಗಿತು.

ಫ.ಗು. ಹಳಕಟ್ಟಿಯವರು ಮನೆಮನೆಯ ತಾಡೋಲೆಗಳನ್ನು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಜಗುಲಿಯ ಮೇಲೆ ಜೋಪಾನ ಮಾಡಿದ ಕಟ್ಟುಗಳು ಅವರ ಕೈಸೇರಿದವು. ಅಲಕ್ಷ್ಯಕ್ಕೆ ಗುರಿಯಾದವು ಮಣ್ಣುಪಾಲಾದವು. ನಮ್ಮ ಕಾಲದ ತಾಡೋಲೆ ಈ ಡಿಸ್ಕು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಅವ್ವನ ಧ್ವನಿಯೋ ಅಜ್ಜನ ಲೆಕ್ಕದ ವಹಿಯೋ ಇರಬಹುದು. ಈ ರವಿವಾರ ಅದನ್ನೊಮ್ಮೆ ನಕಲು ಮಾಡಿರಿ.

ಮೊನ್ನೆ ಕಾಕಾ ಅವರು ಫೋನು ಮಾಡಿದ್ದರು. "ಈಗ ನಾ ವಿಭೂತಿ ಹಚ್ಚಿಕೊಳ್ಳೂದ್ರಾಗ ಎದ್ದು ಕುಂತಿರತೈತಿ ತಮ್ಮಾ. ಪೂಜಾ ಮುಗಿಯೋತನಾ ನನ್ನ ಹಾದಿ ಕಾಯತೈತಿ" ಎಂದು ನಕ್ಕರು.