ಗಾಡಿಗೆ ಕರೆ ಬಂದಿದೆಯೇ?


ಹೊಸ ಮನೆಯ ಮಾಳಿಗೆಯಿಂದ ಯಾರೂ ಬೀಳದಂತೆ ಸುತ್ತ ಗೋಡೆ ಕಟ್ಟಿಸುವುದು ಮೋಶೆಯ ಕಾಲದ ನಿಯಮ. ವಾಹನ ತಯಾರಿಸುವವರಿಗೂ ಅದೇ ಹೊಣೆ. 2021ರಲ್ಲಿ ಮಹೀಂದ್ರ ಕಂಪೆನಿಯು 29,878 ಪಿಕಪ್‌ಗಳನ್ನು, ದ್ರವದ ಕೊಳವೆಯ ಜೋಡಣೆಯಲ್ಲಿ ದೋಷವಿರಬಹುದೆಂದು, ಉಚಿತ ದುರಸ್ತಿಗೆ ಹಿಂದಕ್ಕೆ ಕರೆಯಿತು. ಅವು 2020ರ ಜನವರಿಯಿಂದ 2021ರ ಫೆಬ್ರವರಿಯೊಳಗೆ ತಯಾರಾದವು.

ಕರೆದರೂ ಗಾಡಿ ಹೋಗದಿದ್ದರೆ ಫಲವೇನು? ಒಂದು ದಿನದ ಬಾಡಿಗೆ ತಪ್ಪೀತೆಂದು ಮಾಲೀಕರು ಮುಂದೂಡಬಹುದು. ಘಾಟಿ ಇಳಿಯುವವರು ನಮ್ಮ ಚಾಲಕರು, ಮೂಟೆ ಹೊರುವ ನಮ್ಮ ಹುಡುಗರು. ಕೈಬದಲಾದ ಗಾಡಿಯ ಪತ್ರ ಹಳೆಯ ಮಾಲೀಕರ ವಿಳಾಸಕ್ಕೇ ಹೋಗಿರಬಹುದು. ಆದ್ದರಿಂದ ಆರ್.ಸಿ. ಪುಸ್ತಕದ ಚಾಸಿ ನಂಬರು ಬರೆದುಕೊಂಡು ಕಂಪೆನಿಯ ಅಧಿಕೃತ ವರ್ಕ್‌ಷಾಪಿನಲ್ಲಿ ವಿಚಾರಿಸಿರಿ. ದುರಸ್ತಿಯ ದಿನ ಚಾಲಕರ ಕೂಲಿ ಕಡಿಯದಂತೆ ಸಂಘದ ಮೂಲಕ ಒಟ್ಟಾಗಿ ಕೇಳೋಣ. ನೆರೆಯವನ ಜೀವ ಕಾಯುವುದೂ ಪ್ರಾರ್ಥನೆಯೇ.