ಹರಾಜಿನ ಅಂಗಳದಲ್ಲಿ ಹಸಿರು ಕಾರು

ಅಪಘಾತಕ್ಕೆ ಸಿಲುಕಿದ ವಾಹನಗಳನ್ನು ವಿಮಾ ಕಂಪನಿಗಳಿಂದ ಪಡೆದು ಹರಾಜು ಹಾಕುವುದು ಅಮೆರಿಕದಲ್ಲಿ ದಶಕಗಳಿಂದ ಬೆಳೆದುಬಂದಿರುವ ಬೃಹತ್ ಉದ್ಯಮ. 1982ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಗುಜರಿ ಅಂಗಳದಲ್ಲಿ ಆರಂಭವಾದ ಕೋಪಾರ್ಟ್ ಎಂಬ ಸಂಸ್ಥೆ ಇಂದು ಈ ವ್ಯಾಪಾರದ ಮುಂಚೂಣಿಯಲ್ಲಿದೆ. ಅಂಥ ಅಂಗಳಗಳಲ್ಲಿ ಮುಂಭಾಗ ಜಜ್ಜಿದ, ಗಾಜು ಒಡೆದ, ನೆರೆಯಲ್ಲಿ ಮುಳುಗಿದ ವಾಹನಗಳು ಸಾಲುಗಟ್ಟಿ ನಿಂತಿರುತ್ತವೆ. ಅಗ್ಗದ ಕಾರಿನ ಪಕ್ಕದಲ್ಲಿಯೇ ಅತ್ಯಂತ ದುಬಾರಿ ಕಾರೂ ನಿಂತಿರುತ್ತದೆ. ಪರಿಸರಸ್ನೇಹಿ ಎಂಬ ಹೆಸರು ಹೊತ್ತು ಮಾರಾಟವಾದ ವಿಲಾಸಿ ಹೈಬ್ರಿಡ್ ಕಾರುಗಳೂ ಆ ಸಾಲಿಗೆ ಬರತೊಡಗಿರುವುದು ಈ ಕಾಲದ ಒಂದು ಬೆಳವಣಿಗೆ. ಕಾರು ಕೊಳ್ಳುವ ಯೋಚನೆಯೇ ಇಲ್ಲದ ಮಲೆನಾಡಿನ ಕೃಷಿಕನೂ ಇದನ್ನು ಗಮನಿಸಲು ಕಾರಣವಿದೆ.

ಪೋಲ್‌ಸ್ಟಾರ್ 1 ಎಂಬ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವೋಲ್ವೋ ಬಳಗಕ್ಕೆ ಸೇರಿದ ಈ ಎರಡು ಬಾಗಿಲಿನ ಕೂಪೆ, ದೂರಪ್ರಯಾಣಕ್ಕೆಂದೇ ರೂಪಿಸಿದ ವಿಲಾಸಿ ವಾಹನ. ಚೀನಾದ ಚೆಂಗ್ಡುವಿನಲ್ಲಿ 2019ರಿಂದ 2021ರ ವರೆಗೆ ಸುಮಾರು 1,500 ಕಾರುಗಳನ್ನಷ್ಟೇ ತಯಾರಿಸಿ ನಿಲ್ಲಿಸಲಾಯಿತು. ಅಮೆರಿಕದಲ್ಲಿ ಅದರ ಬೆಲೆ 1,55,000 ಡಾಲರ್, ಅಂದಿನ ಲೆಕ್ಕದಲ್ಲಿಯೇ ಕೋಟಿ ರೂಪಾಯಿಗೂ ಮಿಕ್ಕದ್ದು. ಮುಂದಿನ ಚಕ್ರಗಳನ್ನು ಪೆಟ್ರೋಲ್ ಎಂಜಿನ್ ತಿರುಗಿಸಿದರೆ ಹಿಂದಿನವನ್ನು ಎರಡು ವಿದ್ಯುತ್ ಮೋಟಾರುಗಳು ತಿರುಗಿಸುತ್ತವೆ. ಮೋಟಾರುಗಳಿಗೆ 34 ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿಯಿದೆ. ಹೊರಮೈ ಕಾರ್ಬನ್ ಫೈಬರಿನದು. ಇಷ್ಟಾದರೂ ಕಾರಿನ ತೂಕ 2,300 ಕಿಲೋಗ್ರಾಂ ದಾಟುತ್ತದೆ.

ಇಂಥದೊಂದು ಕಾರು ಡಿಕ್ಕಿಗೆ ಸಿಲುಕಿದರೆ ಅದರ ಭವಿಷ್ಯವನ್ನು ನಿರ್ಧರಿಸುವುದು ಮೆಕ್ಯಾನಿಕ್ ಅಲ್ಲ, ಲೆಕ್ಕಿಗ. ದುರಸ್ತಿಯ ವೆಚ್ಚವು ಕಾರಿನ ಮಾರುಕಟ್ಟೆ ಬೆಲೆಯ ಇಂತಿಷ್ಟು ಪಾಲನ್ನು ಮೀರಿತೆಂದರೆ ಅದು 'ಪೂರ್ಣ ನಷ್ಟ'ವೆಂದು ಘೋಷಿತವಾಗುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಈ ಮಿತಿ ಶೇ. 75, ಟೆಕ್ಸಾಸಿನಲ್ಲಿ ಶೇ. 100. ಉಕ್ಕಿನ ತಗಡು ನೆಗ್ಗಿದರೆ ಬಡಿದು ಸರಿಪಡಿಸಬಹುದು. ಕಾರ್ಬನ್ ಫೈಬರ್ ನೆಗ್ಗುವುದಿಲ್ಲ, ಸೀಳುತ್ತದೆ. ಹೊರಗೆ ನುಣುಪಾಗಿ ಕಂಡರೂ ಒಳಪದರಗಳು ಬಿಟ್ಟುಕೊಂಡಿರಬಹುದು. ಅದನ್ನು ಪತ್ತೆಹಚ್ಚಲು ವಿಶೇಷ ಉಪಕರಣ ಬೇಕು. ಸಾವಿರದೈನೂರು ಕಾರುಗಳಿಗೆಂದು ಬಿಡಿಭಾಗ ಸಂಗ್ರಹಿಸಿಡುವ ಅಂಗಡಿಗಳು ಎಷ್ಟಿದ್ದಾವು? ಹೀಗಾಗಿ ಮುಂಭಾಗವಷ್ಟೇ ಜಖಂಗೊಂಡ ಕಾರು, ಮೋಟಾರು, ಬ್ಯಾಟರಿ, ಆಸನಗಳೆಲ್ಲ ಸುಸ್ಥಿತಿಯಲ್ಲಿದ್ದರೂ ಕಾಗದದ ಮೇಲೆ ಸತ್ತಂತೆಯೇ.

ಆ ಕಾಗದದಲ್ಲಿ ಕಾಣದ ಇನ್ನೊಂದು ಲೆಕ್ಕವಿದೆ. 2014ರಿಂದ 2020ರ ವರೆಗೆ ತಯಾರಾದ ಬಿಎಂಡಬ್ಲ್ಯೂ ಐ8 ಎಂಬ ಮತ್ತೊಂದು ಹೈಬ್ರಿಡ್ ಕೂಪೆಯ ಕಾರ್ಬನ್ ಫೈಬರ್ ನಡೆದ ದಾರಿಯನ್ನು ನೋಡಿದರೆ ಅದು ಸ್ಪಷ್ಟವಾಗುತ್ತದೆ. ಮೂಲ ಎಳೆ ಜಪಾನಿನಲ್ಲಿ ತಯಾರಾಗಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೋಸಸ್ ಲೇಕಿನಲ್ಲಿ ಜಲವಿದ್ಯುತ್ತಿನ ಕುಲುಮೆಗಳಲ್ಲಿ ಬೆಂದು, ಅಲ್ಲಿಂದ ಜರ್ಮನಿಗೆ ಹೋಗಿ ಕಾರಿನ ಅಂಗವಾಗುತ್ತಿತ್ತು. ಒಂದು ಹಿಡಿ ಎಳೆಗಾಗಿ ಎರಡು ಮಹಾಸಾಗರಗಳನ್ನು ದಾಟಿದ ಪಯಣ! ಆ ಜಲವಿದ್ಯುತ್ತಿನ ಹಿಂದೆ ಅಣೆಕಟ್ಟುಗಳಿವೆ. ಅಣೆಕಟ್ಟುಗಳ ಹಿಂದೆ ಮುಳುಗಿದ ನೆಲವಿದೆ. ಶರಾವತಿಯ ಹಿನ್ನೀರನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬ್ಯಾಟರಿಯ ಸಂಗತಿ ಇನ್ನೂ ಗಂಭೀರವಾದುದು. ಅದರೊಳಗಿನ ಲಿಥಿಯಂ, ನಿಕ್ಕಲ್, ಕೋಬಾಲ್ಟ್ ಯಾವುದೋ ಒಂದು ನೆಲವನ್ನು ಅಗೆದು ತೆಗೆದವು. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನ ಬಹುಪಾಲು ಆಫ್ರಿಕದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಮಂಡ್ಯ ಜಿಲ್ಲೆಯ ಮರ್ಲಗಲ್ಲ ಪ್ರದೇಶದಲ್ಲಿಯೂ 1,600 ಟನ್ ಲಿಥಿಯಂ ಇರುವ ಪ್ರಾಥಮಿಕ ಅಂದಾಜನ್ನು 2021ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಅಂದರೆ ಈ ಲೋಹಗಳ ಹುಡುಕಾಟ ಕರ್ನಾಟಕದ ನೆಲಕ್ಕೂ ಕಾಲಿಟ್ಟಿದೆ. ಬಳಕೆಯಲ್ಲಿರುವ ಲೋಹವನ್ನು ಅರ್ಧ ಆಯುಷ್ಯದಲ್ಲಿಯೇ ಕೈಬಿಟ್ಟಷ್ಟೂ ಹೊಸ ನೆಲವನ್ನು ಅಗೆಯುವ ಒತ್ತಡ ಹೆಚ್ಚುತ್ತದೆ.

ಒಂದು ಸರಳ ಲೆಕ್ಕವನ್ನು ವಿದ್ಯಾರ್ಥಿಗಳು ಮಾಡಿ ನೋಡಬಹುದು. 34 ಯೂನಿಟ್ಟಿನ ಬ್ಯಾಟರಿ ಹಳತಾಗಿ ಶೇ. 70ರಷ್ಟು ಸಾಮರ್ಥ್ಯವನ್ನಷ್ಟೇ ಉಳಿಸಿಕೊಂಡಿದೆ ಎಂದುಕೊಳ್ಳೋಣ. ಆಗಲೂ ಅದು ಸುಮಾರು 24 ಯೂನಿಟ್ ಹಿಡಿಯುತ್ತದೆ. 10 ವ್ಯಾಟಿನ ಎರಡು ದೀಪಗಳನ್ನು ರಾತ್ರಿ ನಾಲ್ಕು ತಾಸು ಉರಿಸುವ ಮನೆಗೆ ಬೇಕಾಗುವುದು 80 ವ್ಯಾಟ್-ಗಂಟೆ. ಒಂದೇ ಕಾರಿನ ಬ್ಯಾಟರಿ ಹೀಗೆ ಒಂದು ರಾತ್ರಿ ಸುಮಾರು 300 ಮನೆಗಳಿಗೆ ಬೆಳಕು ಕೊಡಬಲ್ಲದು. ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಕತ್ತಲಲ್ಲಿರುವ ಹಳ್ಳಿಗಳಿಗೆ ಈ ಲೆಕ್ಕದ ಬೆಲೆ ತಿಳಿಯುತ್ತದೆ. ಹರಾಜಿನಲ್ಲಿ ಕೊಂಡ ಕಾರುಗಳ ಬ್ಯಾಟರಿಗಳನ್ನು ಬಿಚ್ಚಿ ಸೌರವಿದ್ಯುತ್ ಸಂಗ್ರಹಕ್ಕೆ ಬಳಸುವವರು ಅಮೆರಿಕದಲ್ಲಿ ಈಗಾಗಲೇ ಇದ್ದಾರೆ.

ಲೆಕ್ಕಿಗ ಕೊಂದ ಕಾರಿಗೆ ಮೆಕ್ಯಾನಿಕ್ ಜೀವ ಕೊಡುವ ಊರುಗಳೂ ಇವೆ. ಕಪ್ಪು ಸಮುದ್ರದ ಬಳಿಯ ಪುಟ್ಟ ದೇಶ ಜಾರ್ಜಿಯಾ ಅಮೆರಿಕದ ಹರಾಜುಗಳಿಂದ ಜಖಂಗೊಂಡ ಕಾರುಗಳನ್ನು ತರಿಸಿಕೊಂಡು, ದುರಸ್ತಿ ಮಾಡಿ, ನೆರೆ ರಾಷ್ಟ್ರಗಳಿಗೆ ಮಾರುತ್ತದೆ. ರಾಜಧಾನಿ ಟಿಬಿಲಿಸಿಯ ಸಮೀಪದ ರುಸ್ತಾವಿ ಪಟ್ಟಣ ಈ ಮಾರುಕಟ್ಟೆಗೆ ಪ್ರಸಿದ್ಧ. 2023ರಲ್ಲಿ ಆ ದೇಶದ ರಫ್ತಿನಲ್ಲಿ ಮೊದಲ ಸ್ಥಾನ ಮೋಟಾರು ಕಾರುಗಳದ್ದೇ ಆಗಿತ್ತು. ಒಂದು ದೇಶದ ಪೂರ್ಣ ನಷ್ಟ ಇನ್ನೊಂದು ದೇಶದ ಜೀವನೋಪಾಯವಾಗುವುದಾದರೆ, ನಷ್ಟವಿದ್ದದ್ದು ವಸ್ತುವಿನಲ್ಲೋ ಅದನ್ನು ಅಳೆದ ಮಾನದಂಡದಲ್ಲೋ?

ಹಾಗೆಂದು ಜಖಂಗೊಂಡ ಪ್ರತಿಯೊಂದು ಕಾರೂ ಮರುಬಳಕೆಗೆ ಯೋಗ್ಯವೆಂದು ಹೇಳುವಂತಿಲ್ಲ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬೀಸಿದಾಗ ನ್ಯೂಜೆರ್ಸಿಯ ನ್ಯೂವಾರ್ಕ್ ಬಂದರಿನಲ್ಲಿ ನಿಲ್ಲಿಸಿದ್ದ ಫಿಸ್ಕರ್ ಕರ್ಮಾ ಎಂಬ ವಿಲಾಸಿ ಹೈಬ್ರಿಡ್ ಕಾರುಗಳು ಸಮುದ್ರದ ನೀರಿನಲ್ಲಿ ಮುಳುಗಿ, ಅವುಗಳಲ್ಲಿ 16 ಸುಟ್ಟುಹೋದವು. ನೀರಿನಲ್ಲಿ ಮುಳುಗಿದ್ದು ಬೆಂಕಿಗೆ ಆಹುತಿಯಾಯಿತು. 2022ರಲ್ಲಿ ಇಯಾನ್ ಚಂಡಮಾರುತದ ಬಳಿಕ ಫ್ಲೋರಿಡಾದಲ್ಲಿಯೂ ಉಪ್ಪುನೀರು ಸೇರಿದ ವಿದ್ಯುತ್ ವಾಹನಗಳು ಹೊತ್ತಿಕೊಂಡವು. ಅರೆತಿಳಿವಳಿಕೆಯಿಂದ ಇಂಥ ಬ್ಯಾಟರಿಗೆ ಕೈಹಾಕುವುದು ಪ್ರಾಣಾಪಾಯ. ಆದರೆ ಇದರಿಂದ ಕಲಿಯಬೇಕಾದ ಪಾಠ ಬಿಸಾಡುವುದಲ್ಲ, ತಿಳಿವಳಿಕೆಯನ್ನು ಹಂಚುವುದು. ಬ್ಯಾಟರಿಯ ಒಳಸ್ಥಿತಿಯನ್ನು ಓದುವ ತಂತ್ರಾಂಶ ತಯಾರಕರ ಕೈಯಲ್ಲಿ ಮಾತ್ರ ಇದ್ದರೆ ಸುಸ್ಥಿತಿಯ ಬ್ಯಾಟರಿಯನ್ನೂ ಅಪಾಯಕಾರಿಯನ್ನೂ ಬೇರ್ಪಡಿಸುವವರು ಯಾರು? ತಯಾರಕರೇ ಇಲ್ಲವಾದರೆ? ಫಿಸ್ಕರ್ ಕಂಪನಿ 2013ರಲ್ಲಿ ದಿವಾಳಿಯಾಗಿ, 2014ರಲ್ಲಿ ಅದರ ಆಸ್ತಿಯೇ ಹರಾಜಾಯಿತು. ಕಾರು ಕೊಂಡವರು ಬಿಡಿಭಾಗಕ್ಕಾಗಿ ಅಲೆಯಬೇಕಾಯಿತು.

'ಹಸಿರು' ಎಂಬ ಮಾತನ್ನೂ ಇಲ್ಲಿ ತೂಗಿ ನೋಡಬೇಕು. ಪ್ಲಗ್ ಚುಚ್ಚಿ ಚಾರ್ಜ್ ಮಾಡುವ ಹೈಬ್ರಿಡ್ ಕಾರುಗಳು ರಸ್ತೆಯಲ್ಲಿ ಉಗುಳುವ ಇಂಗಾಲದ ಡೈ ಆಕ್ಸೈಡ್, ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಹೆಚ್ಚೆಂದು ಯುರೋಪಿಯನ್ ಆಯೋಗದ 2024ರ ವರದಿ ತಿಳಿಸಿತು. ಚಾರ್ಜ್ ಮಾಡಬಹುದಾದ ಕಾರನ್ನು ಜನ ಪೆಟ್ರೋಲಿನಲ್ಲಿಯೇ ಓಡಿಸುತ್ತಿರುವುದು ಇದಕ್ಕೆ ಕಾರಣ. ಓಟದಲ್ಲಿ ಸಿಗದ ಉಳಿತಾಯ, ಅರ್ಧ ಆಯುಷ್ಯದಲ್ಲಿ ಗುಜರಿಗೆ ಬಿದ್ದರೆ ಇನ್ನೆಲ್ಲಿ ಸಿಕ್ಕೀತು?

ಕಾನೂನುಗಳು ನಿಧಾನವಾಗಿಯಾದರೂ ಕಣ್ಣು ತೆರೆಯುತ್ತಿವೆ. ಯುರೋಪಿನ 2023ರ ಬ್ಯಾಟರಿ ನಿಯಮವು 2027ರ ಫೆಬ್ರುವರಿಯಿಂದ ಪ್ರತಿಯೊಂದು ವಿದ್ಯುತ್ ವಾಹನದ ಬ್ಯಾಟರಿಗೂ ಒಂದು ಗುರುತುಪತ್ರವನ್ನು ವಿಧಿಸುತ್ತದೆ. ಅದನ್ನು ಬಿಚ್ಚುವ ಕ್ರಮವೂ ಅದರಲ್ಲಿರಬೇಕು. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಅದೇ ವರ್ಷ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕೈಗೊಂಡ 'ದುರಸ್ತಿಯ ಹಕ್ಕು' ಕಾರ್ಯಕ್ರಮದಲ್ಲಿ ವಾಹನಗಳ ಜೊತೆಗೆ ಕೃಷಿ ಉಪಕರಣಗಳೂ ಸೇರಿರುವುದು ಗಮನಾರ್ಹ. ಟಿಲ್ಲರ್ ಕೆಟ್ಟಾಗ ಬಿಡಿಭಾಗ ಸಿಗದೆ ನಾಟಿಯ ಹದ ತಪ್ಪಿಸಿಕೊಂಡ ರೈತನ ಕಷ್ಟವೂ ಕೋಟಿ ರೂಪಾಯಿಯ ಕಾರಿನ ಸಮಸ್ಯೆಯೂ ಮೂಲದಲ್ಲಿ ಒಂದೇ.

ಆದುದರಿಂದ ಮೂರು ಸಂಗತಿಗಳನ್ನು ಒತ್ತಾಯಿಸಬೇಕಾಗಿದೆ. ಬ್ಯಾಟರಿಯ ಸ್ಥಿತಿಯನ್ನು ಅಳೆಯುವ ಮಾಹಿತಿ ತರಬೇತಾದ ಯಾವ ಕಾರ್ಯಾಗಾರಕ್ಕಾದರೂ ದೊರೆಯಬೇಕು. ಕೆಟ್ಟ ಒಂದು ಭಾಗವನ್ನು ಮಾತ್ರ ಬದಲಿಸಲು ಬರುವಂತೆ ಯಂತ್ರಗಳನ್ನು ರೂಪಿಸಬೇಕು. ತಾಲೂಕಿನ ಐಟಿಐಗಳಲ್ಲಿ ಓದುವ ಮಕ್ಕಳಿಗೆ ಈ ವಿದ್ಯೆ ಸುರಕ್ಷಿತವಾಗಿ ಕಲಿಯಲು ಸಿಗಬೇಕು.

ಮಲೆನಾಡಿನಲ್ಲಿ ಗಾಳಿಗೆ ಬಿದ್ದ ಅಡಿಕೆಮರವನ್ನು ಯಾರೂ ಪೂರ್ಣ ನಷ್ಟವೆಂದು ಬರೆದು ಕೈತೊಳೆದುಕೊಳ್ಳುವುದಿಲ್ಲ. ಮರ ದಬ್ಬೆಯಾಗುತ್ತದೆ, ಸೋಗೆ ತೋಟಕ್ಕೆ ಮುಚ್ಚಿಗೆಯಾಗುತ್ತದೆ, ಉಳಿದದ್ದು ಗೊಬ್ಬರವಾಗುತ್ತದೆ. ಒಂದು ವಸ್ತುವಿನ ಬೆಲೆ ಮುಗಿದರೂ ಅದರ ಉಪಯೋಗ ಮುಗಿದಿರುವುದಿಲ್ಲವೆಂಬ ಈ ಅರಿವು ನಾಳಿನ ವಿದ್ಯುತ್ ವಾಹನಗಳ ಕಾನೂನಿಗೂ ಇಳಿಯಬೇಕು. ಅದು ಇಳಿಯದಿದ್ದರೆ, ದೂರದ ಹರಾಜಿನ ಅಂಗಳದಲ್ಲಿ ಆಗುವ ನಷ್ಟಕ್ಕೆ ಬೆಲೆ ತೆರುವುದು ಯಾವುದೋ ಊರಿನ ಗುಡ್ಡವೇ.